ಒಂದೇ ಬೆಳೆಯ ನೆರೆಹೊರೆ: ದ್ವೀಪದೇಶಗಳ ವ್ಯಾಪಾರ ಒಕ್ಕೂಟದ ಹಿನ್ನೆಲೆ

ಗಂಗಾವತಿಯಲ್ಲಿ ಸೋನಾ ಮಸೂರಿ ಅಕ್ಕಿ ತುಂಬಿಕೊಂಡ ಲಾರಿ ಸಿಂಧನೂರಿನ ಪೇಟೆಯಲ್ಲಿ ಮೂಟೆ ಇಳಿಸುವುದಿಲ್ಲ. ಅಲ್ಲಿಯೂ ತುಂಗಭದ್ರೆಯ ಅದೇ ಎಡದಂಡೆ ಕಾಲುವೆಯ ನೀರು, ಅದೇ ಭತ್ತ. ಎರಡೂ ಊರುಗಳಿಗೆ ಗಿರಾಕಿ ಬೆಂಗಳೂರಿನಂಥ ದೂರದ ಪೇಟೆ. ಬಳ್ಳಾರಿಯಲ್ಲಿ ಹೊಲಿದ ಜೀನ್ಸ್ ಪ್ಯಾಂಟಿನ ಮಾತು ಬೇರೆ. ಅದನ್ನು ಕೊಳ್ಳುವವರು ಈ ಎರಡು ಊರುಗಳಲ್ಲೂ ಇದ್ದಾರೆ. ಕೆರಿಬಿಯನ್ ಸಮುದ್ರದ ಪುಟ್ಟ ದೇಶಗಳು 1960ರ ದಶಕದಿಂದ ಕಟ್ಟುತ್ತ ಬಂದ ವ್ಯಾಪಾರ ಒಕ್ಕೂಟ ಎಲ್ಲಿ ಎಡವಿತು ಎಂಬುದು ಈ ವ್ಯತ್ಯಾಸವನ್ನು ಬಲ್ಲವರಿಗೆ ಬೇಗ ತಿಳಿಯುತ್ತದೆ.

1817ರಲ್ಲಿ ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಡೇವಿಡ್ ರಿಕಾರ್ಡೊ ಮುಂದಿಟ್ಟ ತುಲನಾತ್ಮಕ ಅನುಕೂಲದ ಲೆಕ್ಕದಲ್ಲಿ, ಇಂತಿಷ್ಟು ಬಟ್ಟೆಗೆ ಇಂಗ್ಲೆಂಡಿನಲ್ಲಿ 100 ಆಳುಗಳ ಒಂದು ವರ್ಷದ ದುಡಿಮೆ ಬೇಕು, ಇಂತಿಷ್ಟು ದ್ರಾಕ್ಷಾರಸಕ್ಕೆ 120 ಆಳುಗಳದು. ಪೋರ್ಚುಗಲ್ಲಿನಲ್ಲಿ ಅವಕ್ಕೆ 90 ಮತ್ತು 80 ಆಳುಗಳು ಸಾಕು. ಎರಡರಲ್ಲೂ ಪೋರ್ಚುಗಲ್ಲಿನದೇ ಮೇಲುಗೈಯಾದರೂ, ಅದು ದ್ರಾಕ್ಷಾರಸವನ್ನೇ ಹೆಚ್ಚು ಮಾಡಿ ಬಟ್ಟೆಯನ್ನು ಇಂಗ್ಲೆಂಡಿನಿಂದ ತರಿಸಿಕೊಂಡರೆ ಎರಡೂ ದೇಶಗಳಿಗೆ ದುಡಿಮೆ ಉಳಿಯುತ್ತದೆ. ಎರಡು ಕಡೆಯ ಖರ್ಚಿನ ಅನುಪಾತ ಬೇರೆಯಾಗಿರಬೇಕು ಎಂಬುದೇ ಇಲ್ಲಿನ ಷರತ್ತು.

ಕೆರಿಬಿಯನ್ನಿನಲ್ಲಿ ಆ ಷರತ್ತೇ ದುರ್ಬಲವಾಗಿತ್ತು. ವಸಾಹತು ಆಡಳಿತ ದ್ವೀಪದಿಂದ ದ್ವೀಪಕ್ಕೆ ಕಬ್ಬನ್ನೇ ಹಬ್ಬಿಸಿತ್ತು. ಸೇಂಟ್ ಲೂಸಿಯಾ, ಡೊಮಿನಿಕಾದಂಥ ಕಡೆ ಆಮೇಲೆ ಬಾಳೆ ಬಂದಿತು. ಎರಡೂ ಬ್ರಿಟನ್ನಿಗೆ ಹಡಗು ಹತ್ತುತ್ತಿದ್ದವು, ಪಕ್ಕದ ದ್ವೀಪಕ್ಕೆ ಬೇಕಿರಲಿಲ್ಲ. 1958ರಲ್ಲಿ ಹತ್ತು ವಸಾಹತುಗಳು ಸೇರಿ ರಚಿಸಿದ ವೆಸ್ಟ್ ಇಂಡೀಸ್ ಎಂಬ ರಾಜಕೀಯ ಒಕ್ಕೂಟದಿಂದ ಹೊರಬರಲು ಜಮೈಕಾದ ಜನ 1961ರಲ್ಲಿ ಮತ ಹಾಕಿದರು. ಹತ್ತರಲ್ಲಿ ಒಂದು ಕಳೆದರೆ ಉಳಿಯುವುದು ಸೊನ್ನೆ ಎಂದು ಟ್ರಿನಿಡಾಡಿನ ನಾಯಕ ಎರಿಕ್ ವಿಲಿಯಮ್ಸ್ ಲೆಕ್ಕ ಹಾಕಿದರು; ಸ್ವತಃ ಇತಿಹಾಸಕಾರರಾಗಿದ್ದ ಅವರ ಗಣಿತ ತಪ್ಪಲಿಲ್ಲ, 1962ರಲ್ಲಿ ಒಕ್ಕೂಟ ಮುರಿಯಿತು. ರಾಜಕೀಯ ಕೂಡಿಬರದಿದ್ದರೂ ವ್ಯಾಪಾರವಾದರೂ ಕೂಡಲಿ ಎಂದು 1968ರಲ್ಲಿ ಕ್ಯಾರಿಫ್ಟಾ ಎಂಬ ಮುಕ್ತ ವ್ಯಾಪಾರ ವಲಯವೂ, 1973ರ ಚಗುವಾರಾಮಸ್ ಒಪ್ಪಂದದಿಂದ ಕ್ಯಾರಿಕಾಮ್ ಸಮುದಾಯವೂ ಹುಟ್ಟಿದವು. ಒಳಗಿನ ಸುಂಕ ಇಳಿಯಿತಾದರೂ ಸದಸ್ಯ ದೇಶಗಳ ವ್ಯಾಪಾರದ ಬಹುಪಾಲು ಹೊರಗಿನ ದೊಡ್ಡ ದೇಶಗಳೊಂದಿಗೇ ಉಳಿಯಿತು. ಒಳಗೆ ಮಾರಾಟವಾದ ಸರಕಿನಲ್ಲಿ ದೊಡ್ಡ ಪಾಲು ತೈಲ ಮತ್ತು ಅನಿಲವಿರುವ ಟ್ರಿನಿಡಾಡಿನದು. ಆ ಸಮುದ್ರದ ಬಳ್ಳಾರಿ ಅದೇ ಎನ್ನಬಹುದು.

ಯುರೋಪ್ ಈ ದ್ವೀಪಗಳ ಬಾಳೆಗೆ ಕೊಟ್ಟಿದ್ದ ರಿಯಾಯಿತಿಯೂ ನಿಲ್ಲಲಿಲ್ಲ. ಅಮೆರಿಕ ಮತ್ತು ಲ್ಯಾಟಿನ್ ಅಮೆರಿಕದ ದೇಶಗಳ ದೂರಿನ ಮೇಲೆ ವಿಶ್ವ ವ್ಯಾಪಾರ ಸಂಸ್ಥೆ 1997ರಲ್ಲಿ ಅದರ ವಿರುದ್ಧ ತೀರ್ಪಿತ್ತಿತು. ಗುಡ್ಡದ ಇಳಿಜಾರಿನ ತುಂಡು ತೋಟಗಳು ಈಕ್ವೆಡಾರಿನ ವಿಶಾಲ ತೋಟಗಳ ದರಕ್ಕೆ ಬಾಳೆ ಕೊಡಲಾರದೆ ಹೋದವು.

ನನ್ನ ಎಣಿಕೆಯಲ್ಲಿ, ಈ ದೇಶಗಳಿಗೆ ಒಕ್ಕೂಟದಿಂದ ನಿಜವಾಗಿ ದಕ್ಕಿದ್ದು ಸರಕಿಗಿಂತ ಹೆಚ್ಚಾಗಿ, ಒಬ್ಬೊಬ್ಬರೇ ಹೊರಲಾಗದ ಖರ್ಚನ್ನು ಹಂಚಿಕೊಳ್ಳುವ ವ್ಯವಸ್ಥೆ. ಪೂರ್ವ ಕೆರಿಬಿಯನ್ನಿನ ದ್ವೀಪಗಳು ಕೂಡಿ ಬಳಸುವ ಡಾಲರ್ 1976ರಿಂದ ಅಮೆರಿಕದ ಡಾಲರಿಗೆ 2.70ರ ದರದಲ್ಲೇ ನಿಂತಿದೆ. 2004ರಲ್ಲಿ ಐವನ್ ಚಂಡಮಾರುತ ಗ್ರೆನಡಾಕ್ಕೆ ಅದರ ವರ್ಷದ ಒಟ್ಟು ಉತ್ಪನ್ನವನ್ನೂ ಮೀರಿದ ನಷ್ಟ ತಂದ ಮೇಲೆ, 2007ರಲ್ಲಿ ಸರ್ಕಾರಗಳು ಕೂಡಿ ವಿಮಾ ನಿಧಿ ಸ್ಥಾಪಿಸಿದವು. ನಷ್ಟದ ಪಂಚನಾಮೆಗೆ ಕಾಯದೆ, ಗಾಳಿಯ ವೇಗದಂಥ ಅಳತೆಗಳನ್ನು ಆಧರಿಸಿ ಅದು ಹಣ ಕೊಡುತ್ತದೆ. ಚಂಡಮಾರುತ ಒಂದೇ ವರ್ಷ ಎಲ್ಲ ದ್ವೀಪಗಳನ್ನೂ ಹೊಡೆಯುವುದಿಲ್ಲವಾದ್ದರಿಂದ ಆ ನಿಧಿಗೆ ಇದು ಸಾಧ್ಯವಾಗುತ್ತದೆ. 2024ರ ಆಗಸ್ಟಿನಲ್ಲಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರಸ್ಟ್ ಗೇಟ್ ಕೊಚ್ಚಿಹೋದಾಗ ಗಂಗಾವತಿ, ಸಿಂಧನೂರು, ಸಿರುಗುಪ್ಪದ ರೈತರಿಗೆ ಬೆಳೆಯ ಚಿಂತೆ ಹತ್ತಿದ್ದು ಒಂದೇ ದಿನ; ಅಂಥ ನಿಧಿಯನ್ನು ಈ ಅಚ್ಚುಕಟ್ಟಿನವರು ತಮ್ಮತಮ್ಮಲ್ಲೇ ಕಟ್ಟಿಕೊಂಡಿದ್ದರೆ ಆ ದಿನ ಕೊಡುವ ಕೈ ಒಂದೂ ಇರುತ್ತಿರಲಿಲ್ಲ.