ಸ್ಕ್ಯಾನ್ ಬೇಗ ಆಯ್ತು, ರಿಪೋರ್ಟ್ ಯಾಕೆ ತಡ?

ಸಿಟಿ ಸ್ಕ್ಯಾನ್ ಕೆಲವೇ ನಿಮಿಷದಲ್ಲಿ ಮುಗಿಯುತ್ತದೆ. ರಿಪೋರ್ಟ್ ಮಾತ್ರ ನಾಳೆ. ಮಧ್ಯೆ ಆಗುವುದೇನು? ಚಿತ್ರ ನೋಡಿ ಅರ್ಥಮಾಡಿಕೊಳ್ಳುವ ರೇಡಿಯಾಲಜಿಸ್ಟ್ ಅದನ್ನು ಬರೆದೂ ಕೊಡಬೇಕು. ಈ ಬರೆಯುವ ಹೊತ್ತನ್ನು ಉಳಿಸುವ ಪ್ರಯತ್ನ ಹಳೆಯದು.

1895ರಲ್ಲಿ ರಾಂಟ್ಜೆನ್ ಎಕ್ಸ್‌ರೇ ಕಂಡುಹಿಡಿದ. ಮೊದಮೊದಲು ರಿಪೋರ್ಟ್ ಅಂದರೆ ಒಬ್ಬ ಡಾಕ್ಟರ್ ಇನ್ನೊಬ್ಬರಿಗೆ ಬರೆದ ಕಾಗದ. ಆಮೇಲೆ ಡಾಕ್ಟರ್ ಟೇಪಿಗೆ ಹೇಳುವುದು, ಟೈಪಿಸ್ಟ್ ಕೇಳಿ ಹೊಡೆಯುವುದು. ದಶಕಗಳು ಹೀಗೇ ಕಳೆದವು. 1971ರಲ್ಲಿ ರೋಗಿಯ ಮೊದಲ ಸಿಟಿ ಸ್ಕ್ಯಾನ್ ಆಯಿತು. ಬರುಬರುತ್ತಾ ಒಬ್ಬ ರೋಗಿಗೇ ನೂರಾರು ಚಿತ್ರ. ನೋಡುವುದೂ ಜಾಸ್ತಿ, ಬರೆಯುವುದೂ ಜಾಸ್ತಿ.

1996ರಲ್ಲಿ ಐಬಿಎಂನ ಮೆಡ್‌ಸ್ಪೀಕ್ ಬಂತು. ಪದಪದಕ್ಕೂ ತಡೆಯದೆ ಮಾತಾಡಿದರೆ ಕಂಪ್ಯೂಟರೇ ಅಕ್ಷರಕ್ಕಿಳಿಸುತ್ತಿತ್ತು. ಇಂಥ ಸಾಫ್ಟ್‌ವೇರ್ ಹರಡಿದ ಹಾಗೆ ರಿಪೋರ್ಟ್ ರೋಗಿಯ ಕೈಗೆ ಬೇಗ ಸಿಗತೊಡಗಿತು, ನಿಜ. ಆದರೆ ತಪ್ಪು ತಿದ್ದುವ ಕೆಲಸ ಡಾಕ್ಟರ ಹೆಗಲಿಗೇ ಬಂತು. ‘ನೋ ಫ್ರ್ಯಾಕ್ಚರ್’ ಅಂತ ಹೇಳಿ, ‘ನೋ’ ಒಂದು ಬಿಟ್ಟುಹೋದರೆ ಮೂಳೆ ಮುರಿದಂತೆಯೇ! “ಎಡ ಮಂಡಿ ಅಂತ ಶುರುಮಾಡಿ ಬಲ ಅಂತ ಮುಗಿಸಿದ್ದೀರಿ, ಯಾವುದು ಸರಿ ಡಾಕ್ಟ್ರೇ?” ಎಂದು ಕೇಳುವ ಟೈಪಿಸ್ಟ್ ಇಂಥ ಕಡೆ ಈಗಿಲ್ಲ. ಅದು ಸುಮ್ನೆ ಟೈಪಿಂಗ್ ಅಲ್ಲ, ಎರಡನೇ ಜೋಡಿ ಕಣ್ಣು. ಹೊತ್ತು ಉಳಿಯಿತು ಅನ್ನುವ ಲೆಕ್ಕದಲ್ಲಿ ಈ ಕಣ್ಣು ಕಳೆದುಕೊಂಡದ್ದೂ ಸೇರಿತ್ತೋ ಇಲ್ಲವೋ.

ಇನ್ನೊಂದು ದಾರಿ ಟೆಂಪ್ಲೇಟ್. ಎಲ್ಲ ಅಂಗವೂ ‘ನಾರ್ಮಲ್’ ಅಂತ ಮೊದಲೇ ತುಂಬಿರುತ್ತದೆ, ಬೇರೆಯಿದ್ದಲ್ಲಿ ತಿದ್ದಿದರಾಯಿತು. ಹತ್ತು ವರ್ಷದ ಹಿಂದೆ ಪಿತ್ತಕೋಶ ತೆಗೆಸಿಕೊಂಡವರ ರಿಪೋರ್ಟಿನಲ್ಲೂ ‘ಪಿತ್ತಕೋಶ ನಾರ್ಮಲ್’ ಉಳಿದುಬಿಡುವುದು ಹೀಗೆ. ಹಾಗಂತ ಅಚ್ಚುಕಟ್ಟು ಮಾಡುವುದೇ ತಪ್ಪಲ್ಲ. 1993ರಲ್ಲಿ ಸ್ತನದ ಎಕ್ಸ್‌ರೇಗೆ ಬಂದ ಬೈ-ರ್‍ಯಾಡ್ಸ್ ಪದ್ಧತಿಯಲ್ಲಿ ಕೊನೆಗೊಂದು ಅಂಕಿ ಕೊಡುತ್ತಾರೆ. 2 ಅಂದರೆ ಭಯವಿಲ್ಲ, 5 ಅಂದರೆ ಕ್ಯಾನ್ಸರ್ ಇರುವ ಸಾಧ್ಯತೆ ತುಂಬಾ ಹೆಚ್ಚು. ಓದುವ ಡಾಕ್ಟರಿಗೂ ಹೊತ್ತು ಉಳಿಯಿತು.

ಈಗ ಎಐ ಸರದಿ. ಡಾಕ್ಟರ್ ಕಂಡದ್ದನ್ನು ಹೇಳಿದರೆ ಸಾರಾಂಶದ ಕರಡನ್ನು ಅದೇ ಬರೆಯುತ್ತದೆ. ಸಹಿ ಡಾಕ್ಟರದ್ದೇ, ಹಾಗಾಗಿ ಸಾಲುಸಾಲೂ ಓದಲೇಬೇಕು. ನುಣ್ಣಗಿರುವ ವಾಕ್ಯದಲ್ಲಿ ತಪ್ಪು ಹುಡುಕುವುದು ಸುಲಭ ಅಲ್ಲ, ಅಲ್ವಾ?

ಇಷ್ಟು ಸದ್ದು ಮಾಡದೆ ಹೊತ್ತು ಉಳಿಸಿದ್ದು ಇನ್ನೊಂದಿದೆ. ಗರ್ಭಿಣಿಯರ ಸ್ಕ್ಯಾನಿನಲ್ಲಿ ಮಗುವಿನ ತಲೆಯ ಸುತ್ತಳತೆ, ತೊಡೆಮೂಳೆಯ ಉದ್ದವನ್ನು ಮೊದಲು ಚೀಟಿಯಲ್ಲಿ ಗೀಚಿ, ಮತ್ತೆ ಟೈಪ್ ಮಾಡುತ್ತಿದ್ದರು. ಈಗ ಆ ಅಂಕಿಗಳು ಮಶೀನಿನಿಂದ ನೇರವಾಗಿ ರಿಪೋರ್ಟಿಗೇ ಹೋಗುವ ವ್ಯವಸ್ಥೆ ಇದೆ.