ಕಟ್ಟೆ ಪೈಪಲ್ಲ ಸ್ವಾಮಿ, ಬಾಣಲೆ

ಮೈಸೂರು, ಮಂಡ್ಯದ ಕಡೆ ಮಳೆಗಾಲದಲ್ಲಿ ಪೇಪರ್ ಕೈಗೆ ಬಂದ ತಕ್ಷಣ ಜನ ಹುಡುಕುವುದು ಮೊದಲ ಪುಟದ ಒಂದು ಪುಟ್ಟ ಬಾಕ್ಸನ್ನು. ಕೆಆರ್‌ಎಸ್ ನೀರಿನ ಮಟ್ಟ. ಗರಿಷ್ಠ 124.80 ಅಡಿ, ಇಂದು ಇಷ್ಟು, ಒಳಹರಿವು ಇಷ್ಟು ಕ್ಯೂಸೆಕ್, ಹೊರಹರಿವು ಇಷ್ಟು. ನಾಲ್ಕೇ ಸಾಲು. ಭತ್ತ ಹಾಕಬೇಕೋ ಬೇಡವೋ ಅಂತ ಎಷ್ಟೋ ಮನೆಗಳಲ್ಲಿ ಈ ನಾಲ್ಕು ಸಾಲು ನೋಡಿಯೇ ಮಾತಾಗುತ್ತದೆ.

ನಾನು ಪತ್ರಿಕೆಯ ಡೆಸ್ಕಿಗೆ, ಅಂದರೆ ಸುದ್ದಿ ತಿದ್ದಿ ಪುಟ ಕಟ್ಟುವ ಕೆಲಸಕ್ಕೆ, ಸೇರಿದ ಹೊಸದರಲ್ಲಿ ಈ ಬಾಕ್ಸ್ ಮಾಡುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಒಂದು ದಿನ ಮಟ್ಟ 100 ಅಡಿ ತಲುಪಿತು. ಖುಷಿಯಲ್ಲಿ ಕ್ಯಾಲ್ಕುಲೇಟರ್ ತೆಗೆದು, ನೂರನ್ನು 124.80ರಿಂದ ಭಾಗಿಸಿ, 'ಕೆಆರ್‌ಎಸ್ ಶೇ 80ರಷ್ಟು ಭರ್ತಿ' ಅಂತ ತಲೆಬರಹ ಕೊಟ್ಟೆ. ಚೀಫ್ ಸಬ್ ಎಡಿಟರ್ ನೋಡಿದರು, ಸರಿ ಅಂದರು, ಪುಟ ಅಚ್ಚಿಗೆ ಹೋಯಿತು. ಮಾರನೇ ದಿನ ಹನ್ನೊಂದು ಗಂಟೆಗೆ ಪಾಂಡವಪುರದ ಕಡೆಯಿಂದ ಒಬ್ಬ ಹಿರಿಯರ ಫೋನು. 'ಏನ್ ಸ್ವಾಮಿ, ಕಟ್ಟೆ ಅಂದ್ರೆ ನಿಲ್ಸಿರೋ ಪೈಪು ಅನ್ಕಂಡ್ರಾ? ಬಾಣಲೆ ಅದು, ಬಾಣಲೆ.'

ಅವರು ಹೇಳಿದ್ದು ಅಕ್ಷರಶಃ ಸರಿ. ಕಟ್ಟೆಯ ತಳ ಕಿರಿದು, ಮೇಲೆ ಹೋದಂತೆ ಹಿನ್ನೀರು ಹರಡಿಕೊಂಡು ಅಗಲವಾಗುತ್ತದೆ. ಹಾಗಾಗಿ ಮೇಲಿನ ಒಂದು ಅಡಿಯಲ್ಲಿ ನಿಲ್ಲುವ ನೀರು ತಳದ ಒಂದು ಅಡಿಗಿಂತ ಎಷ್ಟೋ ಪಟ್ಟು ಜಾಸ್ತಿ. ಕೆಆರ್‌ಎಸ್ ಪೂರ್ತಿ ತುಂಬಿದರೆ 49.45 ಟಿಎಂಸಿ. 100 ಅಡಿ ಇದ್ದಾಗ ಅದರಲ್ಲಿ ಅರ್ಧಕ್ಕಿಂತ ಕಡಿಮೆ ನೀರಿರುತ್ತದೆ! ನಾನು ಎತ್ತರದ ಲೆಕ್ಕವನ್ನು ನೀರಿನ ಲೆಕ್ಕ ಅಂತ ಬರೆದು ಸಾವಿರಾರು ಮನೆಗೆ ಕಳಿಸಿದ್ದೆ. ಕ್ಯೂಸೆಕ್ ಕಥೆಯೂ ಇಷ್ಟೇ. ಸೆಕೆಂಡಿಗೆ ಒಂದು ಘನ ಅಡಿ ಹರಿದರೆ ಒಂದು ಕ್ಯೂಸೆಕ್, ದಿನಕ್ಕೆ 86,400 ಸೆಕೆಂಡು, ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ. ಭಾಗಿಸಿದರೆ ಬರುವುದು 11,574. ಅಂದರೆ ಸುಮಾರು ಹನ್ನೊಂದೂವರೆ ಸಾವಿರ ಕ್ಯೂಸೆಕ್ ಒಂದು ಇಡೀ ದಿನ ಹರಿದರೆ ಒಂದು ಟಿಎಂಸಿ. ಇದನ್ನು ಒಂದು ಚೀಟಿಯಲ್ಲಿ ಬರೆದು ಕಂಪ್ಯೂಟರ್‌ಗೆ ಅಂಟಿಸಿಕೊಂಡಿದ್ದರೆ ಕಾವೇರಿ ಗಲಾಟೆಯ ದಿನಗಳಲ್ಲಿ ನಾವು ಬರೆದ ಅರ್ಧದಷ್ಟು ತಲೆಬರಹಗಳನ್ನು ಬರೆಯುತ್ತಿರಲಿಲ್ಲವೇನೋ.

ಈ ತಪ್ಪು ಯಾಕೆ ಆಯಿತು ಅಂತ ಆಗ ಯಾರೂ ಕೇಳಲಿಲ್ಲ. ನಾವೆಲ್ಲ ಕಲಿತಿದ್ದು ಸುದ್ದಿ ತರುವುದನ್ನು. 'ಯಾರು ಹೇಳಿದರು' ಅಂತ ಕೇಳುತ್ತಿದ್ದೆವು, 'ಅವರಿಗೆ ಹೇಗೆ ಗೊತ್ತು' ಅಂತ ಕೇಳುತ್ತಿರಲಿಲ್ಲ. ಎರಡನೇ ಪ್ರಶ್ನೆ ಮೈಸೂರು ವಿಶ್ವವಿದ್ಯಾಲಯದ ಮಾನಸಗಂಗೋತ್ರಿಯವರದು, ಪಿಎಚ್.ಡಿ. ಮಾಡುವವರದು ಅಂತ ಬಿಟ್ಟುಬಿಟ್ಟಿದ್ದೆವು. ಈಗ ಆ ಗೆರೆ ಅಳಿಸಿಹೋಗುತ್ತಿದೆ. ಹೇಗೆ ಅಂತ ಸ್ವಲ್ಪ ಹೇಳುತ್ತೇನೆ.

ಡೆಸ್ಕಿನ ಕೆಲಸವನ್ನು ಮೊದಲು ಹತ್ತಿರದಿಂದ ನೋಡಿದವರಲ್ಲಿ ಡೇವಿಡ್ ಮ್ಯಾನಿಂಗ್ ವೈಟ್ ಎಂಬ ಅಮೆರಿಕದ ಸಂಶೋಧಕರೊಬ್ಬರು. 1950ರಲ್ಲಿ ಪ್ರಕಟವಾದ ಅವರ ಅಧ್ಯಯನದಲ್ಲಿ ಇದ್ದದ್ದು ಒಬ್ಬನೇ ಒಬ್ಬ ಸಂಪಾದಕ. ಏಜೆನ್ಸಿಗಳಿಂದ ಬರುವ ಸುದ್ದಿಯಲ್ಲಿ ಯಾವುದು ಪುಟಕ್ಕೆ, ಯಾವುದು ಬುಟ್ಟಿಗೆ ಅಂತ ತೀರ್ಮಾನ ಮಾಡುವವನು. ಬಿಟ್ಟ ಸುದ್ದಿಯ ಮೇಲೆಲ್ಲ 'ಯಾಕೆ ಬಿಟ್ಟೆ' ಅಂತ ಕಾರಣ ಬರೆದಿಡಲು ಅವನಿಗೆ ಹೇಳಿದ್ದರು. ಹತ್ತರಲ್ಲಿ ಒಂಬತ್ತು ಪಾಲು ಬುಟ್ಟಿಗೇ ಹೋಗಿತ್ತು. ಕಾರಣ? ಎಷ್ಟೋ ಕಡೆ ಜಾಗ ಇಲ್ಲ, ಕೆಲವು ಕಡೆ ಅವನ ಸ್ವಂತ ಇಷ್ಟಾನಿಷ್ಟ. ರಾತ್ರಿ ಪಾಳಿಯಲ್ಲಿ ಕೂತವರಿಗೆ ಇದರಲ್ಲಿ ಹೊಸದೇನೂ ಇಲ್ಲ, ಆದರೆ ಬಾಗಿಲು ಕಾಯುವ ಈ ಮನುಷ್ಯನ ಕೈಯಲ್ಲಿ ಎಷ್ಟು ಅಧಿಕಾರ ಇದೆ ಅಂತ ಎಣಿಸಿ ತೋರಿಸಿದ್ದು ದೊಡ್ಡ ವಿಷಯ.

ಆ ಬಾಗಿಲು ಈಗ ಇಲ್ಲ. ಮದ್ದೂರಿನ ಹತ್ತಿರ ಬಸ್ಸು ಮಗುಚಿದರೆ ವರದಿಗಾರ ಬೈಕ್ ಸ್ಟಾರ್ಟ್ ಮಾಡುವಷ್ಟರಲ್ಲಿ ವಿಡಿಯೋ ಮೂರು ಗ್ರೂಪಿನಲ್ಲಿ ಓಡಾಡಿರುತ್ತದೆ. ಅದರಲ್ಲಿ ಒಂದು ವಿಡಿಯೋ ಎರಡು ವರ್ಷ ಹಳೆಯದು, ಬೇರೆ ಯಾವುದೋ ರಾಜ್ಯದ್ದು ಅಂತ ಸಂಜೆಗೆ ಗೊತ್ತಾಗುತ್ತದೆ. 2018ರಲ್ಲಿ ಎಂಐಟಿಯ ಮೂವರು ಸಂಶೋಧಕರು ಟ್ವಿಟರ್‌ನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿ ಸರಣಿಗಳನ್ನು ಹಿಡಿದು ನೋಡಿದರು. ಸುಳ್ಳು ಸುದ್ದಿಯನ್ನು ಜನ ಮುಂದಕ್ಕೆ ಕಳಿಸುವ ಸಂಭವ ನಿಜಕ್ಕಿಂತ ಶೇ 70ರಷ್ಟು ಜಾಸ್ತಿ ಇತ್ತು. 1,500 ಜನರನ್ನು ಮುಟ್ಟಲು ನಿಜಕ್ಕೆ ಸುಳ್ಳಿಗಿಂತ ಆರು ಪಟ್ಟು ಸಮಯ ಬೇಕಾಯಿತು. ಇದಕ್ಕೆ ಯಂತ್ರಗಳು, ಅಂದರೆ ಬಾಟ್‌ಗಳು ಕಾರಣ ಅಂತ ತಳ್ಳಿಹಾಕಲೂ ಆಗಲಿಲ್ಲ, ಅವು ಎರಡನ್ನೂ ಒಂದೇ ಸಮ ಹರಡುತ್ತಿದ್ದವು. ಸುಳ್ಳನ್ನು ಓಡಿಸಿದ್ದು ನಮ್ಮ ನಿಮ್ಮಂಥವರೇ. ಆದರೆ ಇದು ಟ್ವಿಟರ್ ಲೆಕ್ಕ. ವಾಟ್ಸಾಪ್ ಗ್ರೂಪಿನ ಒಳಗೆ ಹೊರಗಿನವರು ಇಣುಕಲು ಆಗುವುದಿಲ್ಲ, ಅಲ್ಲೂ ಹೀಗೇ ಅಂತ ಈ ಅಂಕಿ ಹಿಡಿದು ಹೇಳುವವರನ್ನು ಕಂಡರೆ ನನಗೆ ನನ್ನ ಶೇ 80 ನೆನಪಾಗುತ್ತದೆ.

ಹಾಗಾದರೆ ಎಲ್ಲರಿಗಿಂತ ಮೊದಲು ಸುದ್ದಿ ಕೊಡುವ ಕೆಲಸ ಕೈಬಿಟ್ಟು ಹೋದ ಮೇಲೆ ವರದಿಗಾರನಿಗೆ ಉಳಿದಿದ್ದೇನು? ಇದಕ್ಕೆ ಒಂದು ಉತ್ತರ ಐವತ್ತು ವರ್ಷಕ್ಕೂ ಹಿಂದೆಯೇ ಸಿಕ್ಕಿತ್ತು. 1967ರ ಜುಲೈನಲ್ಲಿ ಅಮೆರಿಕದ ಡೆಟ್ರಾಯಿಟ್‌ನಲ್ಲಿ ದೊಡ್ಡ ಗಲಭೆಯಾಗಿ 43 ಜನ ಸತ್ತರು. ಓದು ಬರಹ ಇಲ್ಲದವರು ಮಾಡಿದ್ದು, ದಕ್ಷಿಣದಿಂದ ವಲಸೆ ಬಂದವರು ಮಾಡಿದ್ದು ಅಂತ ಎಲ್ಲರೂ ಮಾತಾಡಿದರು. ಫಿಲಿಪ್ ಮೇಯರ್ ಎಂಬ ಪತ್ರಕರ್ತ ಅದರ ಹಿಂದಿನ ವರ್ಷವಷ್ಟೇ ಹಾರ್ವರ್ಡ್‌ಗೆ ಹೋಗಿ ಸಂಖ್ಯಾಶಾಸ್ತ್ರ ಕಲಿತು ಬಂದಿದ್ದರು. ಅವರು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರನ್ನು ಜೊತೆ ಮಾಡಿಕೊಂಡು, ಗಲಭೆ ನಡೆದ ಕಡೆ ಕ್ರಮವಾಗಿ ಮನೆಗಳನ್ನು ಆರಿಸಿ, ನಾನೂರಕ್ಕೂ ಹೆಚ್ಚು ಜನರನ್ನು ಮಾತಾಡಿಸಿ, ಉತ್ತರಗಳನ್ನು ಕಂಪ್ಯೂಟರ್‌ಗೆ ಕೊಟ್ಟು ನೋಡಿದರೆ ಎರಡು ಮಾತೂ ಸುಳ್ಳು. ಕಾಲೇಜು ಮೆಟ್ಟಿಲು ಹತ್ತಿದವರೂ ಶಾಲೆ ಬಿಟ್ಟವರೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿ ಗಲಭೆಯಲ್ಲಿದ್ದರು. ವಲಸೆ ಬಂದವರಿಗಿಂತ ಉತ್ತರದಲ್ಲೇ ಬೆಳೆದವರು ಜಾಸ್ತಿ. ಕೆಲವೇ ವಾರಗಳಲ್ಲಿ ಇದು ಪತ್ರಿಕೆಯಲ್ಲಿ ಬಂತು. ಆ ಗಲಭೆಯ ವರದಿಗಾರಿಕೆಗೆ ಡೆಟ್ರಾಯಿಟ್ ಫ್ರೀ ಪ್ರೆಸ್ ಬಳಗಕ್ಕೆ 1968ರಲ್ಲಿ ಪುಲಿಟ್ಜರ್ ಪ್ರಶಸ್ತಿಯೂ ಬಂತು.

ಇದನ್ನು ನಮ್ಮ ಕಡೆಗೆ ತಂದು ನೋಡಿ. 'ನಾಲೆಗೆ ನೀರು: ರೈತರ ಹರ್ಷ' ಅಂತ ಸುದ್ದಿ ಬರೆಯುತ್ತೇವಲ್ಲ, ಆ ರೈತರು ಯಾರು? ಬೈಕ್ ನಿಲ್ಲಿಸಲು ಜಾಗ ಇರುವ ಕಡೆ ಸಿಕ್ಕವರು. ವಿಶ್ವೇಶ್ವರಯ್ಯ ನಾಲೆ ಪಾಂಡವಪುರ, ಶ್ರೀರಂಗಪಟ್ಟಣ, ಮಂಡ್ಯ ದಾಟಿ ಮದ್ದೂರು, ಮಳವಳ್ಳಿ ಕಡೆ ಹೋಗುತ್ತದೆ. ನೀರು ಬಿಟ್ಟರೆ ಮೊದಲು ನೆನೆಯುವುದು ಮೇಲಿನವರ ಗದ್ದೆ. ಕೊನೆ ಭಾಗದವರು ಎಷ್ಟೋ ದಿನ ಕಾಯಬೇಕು, ಕೆಲವೊಮ್ಮೆ ಬರುವುದೇ ಇಲ್ಲ. ಅದರ ಮೇಲೆ ಕಟ್ಟು ಪದ್ಧತಿ ಬೇರೆ, ಇಷ್ಟು ದಿನ ಬಿಟ್ಟು ಇಷ್ಟು ದಿನ ನಿಲ್ಲಿಸುತ್ತಾರೆ. ನೀವು ಯಾವ ಊರಿಗೆ, ಯಾವ ದಿನ ಹೋದಿರಿ ಅನ್ನುವುದರ ಮೇಲೆ ಹರ್ಷವೋ ಅಳಲೋ ತೀರ್ಮಾನ. ಸಂಶೋಧಕರು ಸ್ಯಾಂಪಲ್ ಸರಿ ಇಲ್ಲ ಅನ್ನುತ್ತಾರೆ. ನಾವು 'ಮೂರು ಜನರ ಬೈಟ್ (ಹೇಳಿಕೆ) ಸಿಕ್ತು, ಸಾಕು' ಅನ್ನುತ್ತೇವೆ.

ಹಾಗಂತ ವಿಶ್ವವಿದ್ಯಾಲಯದಿಂದ ಬಂದಿದ್ದೆಲ್ಲ ಚಿನ್ನ ಅಂತ ತಿಳಿಯಬೇಡಿ. 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಒಂದು ಅಧ್ಯಯನ ಬಂತು. ಬ್ರಿಟನ್ನಿನ 20 ವಿಶ್ವವಿದ್ಯಾಲಯಗಳು ಆರೋಗ್ಯ ಸಂಶೋಧನೆಯ ಬಗ್ಗೆ ಕೊಟ್ಟ 462 ಪ್ರೆಸ್ ನೋಟ್‌ಗಳನ್ನು ಮೂಲ ಪ್ರಬಂಧದ ಪಕ್ಕ ಇಟ್ಟು ಸಾಲು ಸಾಲು ಹೋಲಿಸಿದ್ದರು. ಪ್ರಬಂಧದಲ್ಲಿ 'ಎರಡೂ ಒಟ್ಟಿಗೆ ಕಂಡುಬಂದವು' ಅಂತ ಮಾತ್ರ ಇರುತ್ತಿತ್ತು. ಮೂರರಲ್ಲಿ ಒಂದು ಪ್ರೆಸ್ ನೋಟ್ ಅದನ್ನು 'ಇದರಿಂದಲೇ ಅದು ಆಗುತ್ತದೆ' ಅಂತ ಬೆಳೆಸಿತ್ತು. ನೋಟ್ ಹೀಗೆ ಬೆಳೆಸಿದ್ದಾಗ ಶೇ 81ರಷ್ಟು ಸುದ್ದಿಗಳು ಹಾಗೇ ಬೆಳೆಸಿದವು, ನೋಟ್ ಸರಿ ಇದ್ದಾಗ ಶೇ 18 ಮಾತ್ರ. ವರದಿಗಾರರಿಗೆ ಉಪ್ಪು ಖಾರ ಹಚ್ಚುವ ಚಟ ಅಂತ ಬೈಯುವ ಪ್ರೊಫೆಸರ್‌ಗಳಿಗೆ ನಾನು ಈ ಅಂಕಿಯನ್ನು ಬಹಳ ಸಂತೋಷದಿಂದ ಹೇಳುತ್ತೇನೆ. ಉಪ್ಪು ಖಾರ ಎಷ್ಟೋ ಸಲ ಅವರ ಅಡುಗೆಮನೆಯಿಂದಲೇ ಬಂದಿರುತ್ತದೆ, ನಮ್ಮ ತಪ್ಪು ರುಚಿ ನೋಡದೆ ಬಡಿಸಿದ್ದು.

ರುಚಿ ನೋಡದೆ ಬಡಿಸುತ್ತಾರೆ ಅಂತ ಬೇಕಂತಲೇ ತೋರಿಸಿದವರೂ ಇದ್ದಾರೆ. 2015ರಲ್ಲಿ ಜಾನ್ ಬೊಹಾನನ್ ಎಂಬ ಪತ್ರಕರ್ತ, ಚಾಕೊಲೇಟ್ ತಿಂದರೆ ಬೇಗ ತೂಕ ಇಳಿಯುತ್ತದೆ ಅನ್ನುವ ಸಂಶೋಧನೆಯನ್ನು ಪ್ರಕಟಿಸಿದರು. ಜರ್ಮನಿಯ ದೊಡ್ಡ ಪತ್ರಿಕೆಯೂ ಸೇರಿ ಹಲವು ದೇಶಗಳಲ್ಲಿ ಸುದ್ದಿಯಾಯಿತು. ಪ್ರಯೋಗ ನಿಜವಾಗಿಯೂ ನಡೆದಿತ್ತು, ಅದೇ ಮಜಾ. ಲೆಕ್ಕಕ್ಕೆ ಹಿಡಿದವರು 15 ಜನ, ಅಳೆದದ್ದು ತೂಕ, ಕೊಲೆಸ್ಟರಾಲ್, ನಿದ್ದೆ ಅಂತ 18 ಸಂಗತಿ. ಸುಮ್ನೆ ಅದೃಷ್ಟದಿಂದ ವ್ಯತ್ಯಾಸ ಕಾಣುವ ಸಂಭವ ಒಂದೊಂದರಲ್ಲೂ ಇಪ್ಪತ್ತಕ್ಕೆ ಒಂದು ಅಂತ ಬಿಟ್ಟರೂ, ಹದಿನೆಂಟರಲ್ಲಿ ಕನಿಷ್ಠ ಒಂದಾದರೂ ಹಾಗೆ ಕಾಣುವ ಸಂಭವ ಶೇ 60. ಹದಿನೆಂಟು ಗಾಳ ಹಾಕಿ ಕೂತಿದ್ದರು, ಸಿಕ್ಕಿದ್ದು ತೂಕ. ನಿದ್ದೆ ಸಿಕ್ಕಿದ್ದರೆ ತಲೆಬರಹ ನಿದ್ದೆಯ ಮೇಲೆ ಬರುತ್ತಿತ್ತು. 'ಎಷ್ಟು ಜನರ ಮೇಲೆ ಮಾಡಿದಿರಿ' ಅಂತ ಒಂದು ಫೋನ್ ಮಾಡಿ ಕೇಳಿದ್ದರೆ ಮುಗಿದುಹೋಗುತ್ತಿತ್ತು. ಮೈಸೂರಿನಲ್ಲಿ ಆಹಾರ ಸಂಶೋಧನೆಯ ಸಿಎಫ್‌ಟಿಆರ್‌ಐ ಇದೆ, ವಾಕ್ ಶ್ರವಣ ಸಂಸ್ಥೆ ಇದೆ, ಮಂಡ್ಯದಲ್ಲಿ ಕೃಷಿ ಸಂಶೋಧನೆಯ ವಿ.ಸಿ. ಫಾರಂ ಇದೆ. ಒಂದು ಸಂಶೋಧನೆ ಬಗ್ಗೆ ಅನುಮಾನ ಬಂದರೆ ಓದಿ ಹೇಳುವವರು ಸಿಟಿ ಬಸ್ಸಿನ ದೂರದಲ್ಲಿದ್ದಾರೆ. ನನ್ನ ಮಟ್ಟಿಗೆ ಹೇಳುವುದಾದರೆ, ಅಲ್ಲಿಗೆ ಹೋಗಿದ್ದೆಲ್ಲ ಉದ್ಘಾಟನೆ, ವಿಚಾರ ಸಂಕಿರಣ, ಊಟದ ಕೂಪನ್ ಇರುವ ಕಾರ್ಯಕ್ರಮಕ್ಕೆ.

ಆ ಕಡೆಯವರೂ ಇಳಿದು ಬರುವುದು ಕಡಿಮೆ. ಮಾಧ್ಯಮದ ಬಗ್ಗೆ ಬರುವ ಥೀಸಿಸ್‌ಗಳನ್ನು ಮಾಧ್ಯಮದವರೇ ಓದಲಾರದಂತೆ ಬರೆಯುತ್ತಾರೆ. ಮೊದಲು ಹೀಗಿರಲಿಲ್ಲ ಅನ್ನುವುದಕ್ಕೆ ಮೈಸೂರಿಗಿಂತ ಸಾಕ್ಷಿ ಬೇಡ. ಮಹಾರಾಜ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿ 1935ರಲ್ಲಿ ತಮ್ಮ ಮನೆಯಲ್ಲೇ ರೇಡಿಯೋ ಕೇಂದ್ರ ಶುರು ಮಾಡಿದರು. ಅದಕ್ಕೆ ಇಟ್ಟ 'ಆಕಾಶವಾಣಿ' ಹೆಸರೇ ಮುಂದೆ ಇಡೀ ದೇಶದ ರೇಡಿಯೋಗೂ ಬಂತು. ಪಾಠ ಮಾಡುವ ಮೇಷ್ಟ್ರು, ಸಂಜೆ ಮನೆಗೆ ಬಂದು ಊರಿಗೆಲ್ಲ ಕೇಳುವ ಹಾಗೆ ಪ್ರಸಾರ ಮಾಡುತ್ತಿದ್ದರು. ಇಂದು ಹಾಗೆ ಮಾಡಿದರೆ ಬಡ್ತಿಗೆ ಪಾಯಿಂಟ್ ಸಿಗುತ್ತದೋ ಇಲ್ಲವೋ ಅಂತ ಮೊದಲು ಕೇಳುತ್ತಾರೆ.

ಈಗಿನ ಹುಡುಗರು ಬೇರೆ ಥರ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ ತಂದ ಕಡತವನ್ನು ಎಕ್ಸೆಲ್‌ಗೆ ಹಾಕುತ್ತಾರೆ, ಕೆರೆ ಒತ್ತುವರಿ ನೋಡಲು ಉಪಗ್ರಹದ ಹಳೆಯ ಚಿತ್ರ ತೆಗೆಯುತ್ತಾರೆ. ಎಐ ಕೈಯಲ್ಲಿ ಕಾಪಿ ಬರೆಸುವವರೂ ಇದ್ದಾರೆ. ಅದು ಇಲ್ಲದ ಅಧ್ಯಯನದ ಹೆಸರನ್ನೂ ತಡವರಿಸದೆ ಹೇಳುತ್ತದೆ ಅನ್ನುವುದನ್ನು ಕೆಲವರು ಪುಟ ಹೋದ ಮೇಲೆ ಕಲಿಯುತ್ತಾರೆ, ನಾನು ಬಾಣಲೆ ಕಲಿತ ಹಾಗೆ.

ಮೊನ್ನೆ ಪತ್ರಿಕೋದ್ಯಮ ಓದುವ ಹುಡುಗಿಯೊಬ್ಬಳು ಒಂದು ವರದಿ ತಂದು ತೋರಿಸಿದಳು. 'ಕೊನೆ ಭಾಗಕ್ಕೆ ಹನಿ ನೀರಿಲ್ಲ' ಅಂತ ತಲೆಬರಹ. ಕೆಳಗೆ ಒಂದು ಪಟ್ಟಿ: ಊರು, ನಾಲೆಯಿಂದ ದೂರ, ತಾನು ಹೋದ ದಿನಾಂಕ, ತೂಬಿನಲ್ಲಿ ನೀರು ಇತ್ತೋ ಇಲ್ಲವೋ. ನಮ್ಮ ಕಾಲದಲ್ಲಿ ಇದನ್ನು ಯಾರಾದರೂ ಮಾಡಿದ್ದು ನಾನು ನೋಡಿಲ್ಲ.

'ಎಷ್ಟು ಊರು ಅಂದುಕೊಂಡಿದ್ದೆ?'

'ಹನ್ನೆರಡು ಸರ್.'

'ಹೋಗಿದ್ದು?'

'ಐದು ಸರ್. ಉಳಿದ ಕಡೆ ಸಂಜೆ ಮೇಲೆ ಬಸ್ಸಿಲ್ಲ.'

ಐದರಲ್ಲಿ ನಾಲ್ಕು ಕಡೆ ನೀರಿರಲಿಲ್ಲ. ತಲೆಬರಹ ಬದಲಾಯಿಸಿದೆವು: 'ನೋಡಿದ ಐದು ಊರಲ್ಲಿ ನಾಲ್ಕಕ್ಕೆ ನೀರಿಲ್ಲ'. ಅವಳು ಸ್ವಲ್ಪ ಹೊತ್ತು ಅದನ್ನೇ ನೋಡಿದಳು.

'ಸರ್, ಹೀಗೆ ಬರೆದರೆ ಮೊದಲ ಪುಟಕ್ಕೆ ಬರಲ್ಲ ಅಲ್ವಾ?'

'ಬರಲ್ಲಮ್ಮ' ಅಂದೆ.

ನಾಲ್ಕನೇ ಪುಟದಲ್ಲಿ ಬಂತು, ಎರಡು ಕಾಲಂ, ಪಟ್ಟಿ ತೆಗೆದುಹಾಕಿದ್ದರು. ಉಳಿದ ಏಳು ಊರಿಗೆ ಹೋಗಲು ಅಣ್ಣನ ಸ್ಕೂಟರ್ ಕೇಳಿದ್ದಾಳಂತೆ.