ತೂಕ ನಾಲ್ಕು ಕೆ.ಜಿ., ಬಿಲ್ಲು ಏಳೂವರೆ ಕೆ.ಜಿ.ಗೆ

ಮೈಸೂರಿನಿಂದ ಅಮೆರಿಕದಲ್ಲಿರುವ ಮಗಳಿಗೆ ಕೋಡುಬಳೆ, ಚಕ್ಕುಲಿ, ಚಟ್ನಿಪುಡಿ, ಜೊತೆಗೊಂದು ರೇಷ್ಮೆ ಸೀರೆ ಕಳಿಸುತ್ತೀರಿ ಅನ್ನೋಣ. ತಕ್ಕಡಿಯಲ್ಲಿ 4 ಕೆ.ಜಿ. ತೂಗುತ್ತದೆ. ಆದರೆ ತುಂಬಿರುವುದು ದಿನಸಿ ಅಂಗಡಿಯವರು ಪುಕ್ಕಟೆ ಕೊಟ್ಟ 40×30×30 ಸೆಂ.ಮೀ. ರಟ್ಟಿನ ಪೆಟ್ಟಿಗೆಯಲ್ಲಿ. ಕೊರಿಯರ್‌ನವರು 7.5 ಕೆ.ಜಿ.ಗೆ ಬಿಲ್ಲು ಹಾಕುತ್ತಾರೆ. ಮೋಸವೇನೂ ಇಲ್ಲ, ಲೆಕ್ಕವೇ ಹಾಗಿದೆ.

ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿದರೆ ಬರುವುದು ವಾಲ್ಯೂಮೆಟ್ರಿಕ್ ತೂಕ. ಡಿಎಚ್‌ಎಲ್, ಫೆಡೆಕ್ಸ್‌ಗಳ ಅಂತರರಾಷ್ಟ್ರೀಯ ಎಕ್ಸ್‌ಪ್ರೆಸ್ ಸೇವೆಯಲ್ಲಿ ಇದೇ ರೂಢಿ. ಇಲ್ಲಿ 36,000 ಭಾಗಿಸು 5000, ಅಂದರೆ 7.2. ಅದನ್ನು ಮುಂದಿನ ಅರ್ಧ ಕೆ.ಜಿ.ಗೆ ಏರಿಸುತ್ತಾರೆ. ನಿಜವಾದ ತೂಕ, ಈ ತೂಕ ಎರಡರಲ್ಲಿ ಯಾವುದು ಹೆಚ್ಚೋ ಅದಕ್ಕೆ ದರ. ವಿಮಾನದಲ್ಲಿ ತೂಕಕ್ಕಿಂತ ಮೊದಲು ಜಾಗ ತುಂಬಿಹೋಗುವುದೇ ಇದಕ್ಕೆ ಕಾರಣ. ಇಂಧನ ಸರ್‌ಚಾರ್ಜು ದರದ ಮೇಲೆ ಶೇಕಡಾವಾರು ಬೀಳುವುದರಿಂದ ಅದೂ ಏರುತ್ತದೆ.

ಬಾಯಿಲೆಕ್ಕಕ್ಕೆ ಇಷ್ಟು ನೆನಪಿಡಿ: ಐದು ಲೀಟರ್ ಜಾಗಕ್ಕೆ ಒಂದು ಕೆ.ಜಿ. ಮಂಡ್ಯದ ಅಚ್ಚುಬೆಲ್ಲ ಅಷ್ಟು ಜಾಗದಲ್ಲಿ ಒಂದು ಕೆ.ಜಿ.ಗಿಂತ ಎಷ್ಟೋ ಹೆಚ್ಚು ತೂಗುತ್ತದೆ, ಅದಕ್ಕೆ ತಕ್ಕಡಿಯದೇ ಮಾತು. ಪುರಿ ಕಳಿಸಿದರೆ ಗಾಳಿಗೂ ದುಡ್ಡು ಕೊಟ್ಟಂತೆ. ಬೆಲ್ಲವನ್ನು ತಳಕ್ಕೆ, ಕುರುಕಲನ್ನು ಮೇಲಕ್ಕೆ ಇಟ್ಟು ಒಂದೇ ಪೆಟ್ಟಿಗೆ ಮಾಡಿದರೆ ಜಾಗ, ತೂಕ ಎರಡೂ ಸರಿದೂಗುತ್ತವೆ. ಬೆಲ್ಲ ಬೆವರುತ್ತದೆ, ಎರಡು ಪದರ ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟದೆ ಸೀರೆಯ ಹತ್ತಿರ ಇಡಲೇಬೇಡಿ.

ಪೆಟ್ಟಿಗೆಯ ಎತ್ತರ ಇಳಿಸುವುದು ಸುಲಭ. ಸಾಮಾನು ಮುಗಿಯುವ ಮಟ್ಟಕ್ಕೆ ಒಳಗೆ ಗೆರೆ ಎಳೆಯಿರಿ. ನಾಲ್ಕು ಮೂಲೆಗಳನ್ನು ಆ ಗೆರೆಯವರೆಗೆ ಸೀಳಿ. ಗೆರೆಯ ಮೇಲೆ ಬ್ಲೇಡಿನಿಂದ ಅರ್ಧ ಆಳಕ್ಕೆ ಮಾತ್ರ ಗೀರಿ, ಮಡಿಚಿ, ಟೇಪು ಹಾಕಿ. 30 ಸೆಂ.ಮೀ. ಎತ್ತರ 20ಕ್ಕೆ ಇಳಿದರೆ ಲೆಕ್ಕ 4.8, ಬಿಲ್ಲು 5 ಕೆ.ಜಿ.ಗೆ. ಎರಡೂವರೆ ಕೆ.ಜಿ. ದುಡ್ಡು ಉಳಿಯಿತು. ಗಾಜು, ಪಿಂಗಾಣಿ ಇದ್ದರೆ ಮಾತ್ರ ಈ ಜಿಪುಣತನ ಬೇಡ, ಸುತ್ತ ಐದು ಸೆಂ.ಮೀ. ಮೆತ್ತೆ ಇರಲೇಬೇಕು.

ಹೆಚ್ಚಿನವರು ಎಡವುವುದು ಉಬ್ಬಿನಲ್ಲಿ. ಅಳತೆ ಹಿಡಿಯುವುದು ಪೆಟ್ಟಿಗೆ ಅತಿ ಹೆಚ್ಚು ಚಾಚಿಕೊಂಡ ಕಡೆಯಿಂದ. 30×30×30 ಪೆಟ್ಟಿಗೆಗೆ 5.5 ಕೆ.ಜಿ. ದರ, ತುರುಕಿ ತುಂಬಿ ಎಲ್ಲ ಕಡೆ 33 ಆದರೆ ಲೆಕ್ಕ 7.19, ದರ 7.5 ಕೆ.ಜಿ.ಗೆ. ಆದ್ದರಿಂದ ಟೇಪು ಹಾಕಿದ ಮೇಲೆಯೇ ಹೊರಗಿನಿಂದ ಅಳೆಯಿರಿ, ಆ ಅಂಕಿಯನ್ನೇ ಬುಕಿಂಗ್‌ನಲ್ಲಿ ಬರೆಸಿ. ಮುಂದೆ ಪಾರ್ಸೆಲ್‌ಗಳನ್ನು ವಿಂಗಡಿಸುವ ಕೇಂದ್ರದಲ್ಲಿ (ಹಬ್) ಯಂತ್ರ ಮತ್ತೆ ಅಳೆಯುತ್ತದೆ, ವ್ಯತ್ಯಾಸದ ಬಿಲ್ಲು ಆಮೇಲೆ ಬರುತ್ತದೆ.